ಬೆಕ್ಕಿನ ಮೂಗಿಗೆ ಬಿದ್ದ ಸುದ್ದಿ

ಬೆಕ್ಕು ಸಾಕಿದವರಿಗೆಲ್ಲ ಪರಿಚಿತವಾದ ಒಂದು ನೋಟವಿದೆ. ನೆಂಟರ ಮನೆಗೋ ಗೆಳೆಯರ ಮನೆಗೋ ಹೋದವರು ಅಲ್ಲಿನ ಬೆಕ್ಕನ್ನು ಒಂದಿಷ್ಟು ಮುದ್ದಾಡಿ ಸಂಜೆ ಹಿಂತಿರುಗುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮನೆಯ ಬೆಕ್ಕು ಎದುರಾಗುತ್ತದೆ. ಎಂದಿನಂತೆ ಕಾಲಿಗೆ ಮೈ ಉಜ್ಜುವ ಬದಲು ಪ್ಯಾಂಟಿನ ಅಂಚನ್ನೋ ಸೀರೆಯ ನೆರಿಗೆಯನ್ನೋ ಮೂಸತೊಡಗುತ್ತದೆ. ಒಂದೇ ಕಡೆ ಮೂಗಿಟ್ಟು ನಿಲ್ಲುತ್ತದೆ. ಆಮೇಲೆ ಕತ್ತು ಚಾಚಿ, ಬಾಯಿ ಅರೆತೆರೆದು, ಮೇಲ್ದುಟಿಯನ್ನು ಎತ್ತಿ ಕ್ಷಣಕಾಲ ಮಂಕು ಬಡಿದಂತೆ ನಿಂತುಬಿಡುತ್ತದೆ. ಕೆಲವು ಬೆಕ್ಕುಗಳು ಬುಸ್ಸೆಂದು ಹಿಂದೆ ಸರಿಯುತ್ತವೆ. ಇನ್ನು ಕೆಲವು ಅದೇ ಜಾಗಕ್ಕೆ ತಮ್ಮ ಕೆನ್ನೆಯನ್ನು ಗಟ್ಟಿಯಾಗಿ ಉಜ್ಜಿ, ಏನೋ ಕೆಲಸ ಮುಗಿಸಿದ ಗತ್ತಿನಲ್ಲಿ ಹೊರಟುಹೋಗುತ್ತವೆ. ‘ಅದಕ್ಕೆ ಹೊಟ್ಟೆಕಿಚ್ಚು’ ಎಂದು ಮನೆಯವರು ನಗುತ್ತಾರೆ.

ಅದು ಹೊಟ್ಟೆಕಿಚ್ಚು ಹೌದೋ ಅಲ್ಲವೋ ಹೇಳುವುದು ಕಷ್ಟ. ಆದರೆ ಆ ಹೊತ್ತಿನಲ್ಲಿ ಬೆಕ್ಕು ಮಾಡುತ್ತಿರುವ ಕೆಲಸ ಸ್ಪಷ್ಟ. ಅದು ಓದುತ್ತಿದೆ. ನಾವು ಪತ್ರಿಕೆ ಓದುವಂತೆ, ಬಟ್ಟೆಗೆ ಅಂಟಿಕೊಂಡು ಬಂದ ಇನ್ನೊಂದು ಬೆಕ್ಕಿನ ಸುದ್ದಿಯನ್ನು ಮೂಗಿನಿಂದ ಓದುತ್ತಿದೆ. ಬಂದದ್ದು ಗಂಡೋ ಹೆಣ್ಣೋ, ತನಗೆ ಗೊತ್ತಿರುವುದೋ ಹೊಸತೋ, ವಾಸನೆ ಈಗಿನದೋ ಹಳೆಯದೋ ಎಂಬುದನ್ನೆಲ್ಲ ತಿಳಿದುಕೊಂಡು ಮುಂದಿನ ಹೆಜ್ಜೆ ಇಡುತ್ತದೆ.

ಇದು ಬರೀ ಕುತೂಹಲದ ವಿಷಯವಲ್ಲ. ಮಕ್ಕಳ ಒತ್ತಾಯಕ್ಕೆ ಎರಡನೆಯ ಬೆಕ್ಕನ್ನು ಮನೆಗೆ ತಂದು, ಮೊದಲನೆಯದರ ಮುಂದೆ ನೇರವಾಗಿ ಇಳಿಸಿ, ‘ಇನ್ನು ನೀವಿಬ್ಬರೂ ಸ್ನೇಹಿತರು’ ಎಂದುಬಿಡುವವರು ಬಹಳ. ಮರುಕ್ಷಣವೇ ಮನೆ ರಣರಂಗವಾಗುತ್ತದೆ. ವಾರ ಕಳೆದರೂ ಜಗಳ ನಿಲ್ಲುವುದಿಲ್ಲ. ಕೊನೆಗೆ ಎರಡರಲ್ಲೊಂದು ಬೆಕ್ಕು ಗೋಣಿಚೀಲದಲ್ಲಿ ಕುಳಿತು ಊರಾಚೆಯ ದಾರಿ ಹಿಡಿಯುತ್ತದೆ. ಅಲ್ಲಿ ಅದಕ್ಕೆ ಪ್ರತಿಯೊಂದು ಗೋಡೆ, ಪ್ರತಿಯೊಂದು ಕಂಬ ಅಪರಿಚಿತ ಬೆಕ್ಕುಗಳ ವಾಸನೆಯಿಂದಲೇ ತುಂಬಿರುತ್ತದೆ. ಬೆಕ್ಕು ಮೊದಲು ಮೂಗಿನಿಂದ ಪರಿಚಯ ಮಾಡಿಕೊಳ್ಳುತ್ತದೆ, ಕಣ್ಣಿನಿಂದಲ್ಲ ಎಂಬ ಒಂದು ಸಂಗತಿ ಗೊತ್ತಿದ್ದರೆ ಇಂಥ ಎಷ್ಟೋ ಪ್ರಕರಣಗಳನ್ನು ತಪ್ಪಿಸಬಹುದು.

ಮೂಗಿನೊಳಗಿನ ಮೂಗು

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಪೊರೆಯ ವಿಸ್ತೀರ್ಣ ಎರಡರಿಂದ ನಾಲ್ಕು ಚದರ ಸೆಂಟಿಮೀಟರ್. ನಮ್ಮ ಅಂಗೈಯಷ್ಟೂ ಇಲ್ಲದ ಬೆಕ್ಕಿನ ಮುಖದೊಳಗೆ ಇದೇ ಪೊರೆ ಸುಮಾರು 20 ಚದರ ಸೆಂಟಿಮೀಟರ್‌ನಷ್ಟಿದೆ. ಮಡಿಕೆ ಮಡಿಕೆಯಾದ ತೆಳು ಎಲುಬುಗಳ ಮೇಲೆ ಅದು ಹರಡಿಕೊಂಡಿರುವುದರಿಂದಲೇ ಇಷ್ಟು ಕಿರಿದಾದ ಜಾಗದಲ್ಲಿ ಹಿಡಿಸಿದೆ.

ಇಷ್ಟೇ ಅಲ್ಲ, ಬೆಕ್ಕಿಗೆ ಎರಡನೆಯ ಮೂಗೊಂದಿದೆ ಎಂದರೂ ತಪ್ಪಲ್ಲ. ಅದರ ಅಂಗುಳದ ಮುಂಭಾಗದಲ್ಲಿ, ಮೇಲಿನ ಬಾಚಿಹಲ್ಲುಗಳ ಹಿಂದೆ, ಎರಡು ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಅವು ಒಳಗಿರುವ ಒಂದು ಜೋಡಿ ಕೊಳವೆಯಾಕಾರದ ಅಂಗಕ್ಕೆ ದಾರಿ. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್‌ಸನ್ 19ನೇ ಶತಮಾನದ ಆರಂಭದಲ್ಲಿ ಅನೇಕ ಪ್ರಾಣಿಗಳಲ್ಲಿ ಇದನ್ನು ಗುರುತಿಸಿ ವಿವರಿಸಿದ್ದರಿಂದ ಇದಕ್ಕೆ ‘ಜೇಕಬ್‌ಸನ್ ಅಂಗ’ ಎಂಬ ಹೆಸರು ಬಂತು. ಸಾಮಾನ್ಯ ಮೂಗು ಗಾಳಿಯಲ್ಲಿ ತೇಲಿ ಬರುವ ವಾಸನೆಯನ್ನು ಹಿಡಿದರೆ, ಈ ಅಂಗ ಮುಖ್ಯವಾಗಿ ದ್ರವದಲ್ಲಿ ಕರಗಿರುವ, ತನ್ನದೇ ಕುಲದ ಪ್ರಾಣಿಗಳು ಬಿಟ್ಟುಹೋದ ರಾಸಾಯನಿಕ ಗುರುತುಗಳನ್ನು ಪರೀಕ್ಷಿಸುತ್ತದೆ. ಇದರ ನರಗಳು ಮಿದುಳಿನಲ್ಲಿ ಹೋಗಿ ಸೇರುವ ದಾರಿಯೂ ಬೇರೆ.

ಬೆಕ್ಕು ಬಾಯಿ ಅರೆತೆರೆದು ಮಂಕು ಬಡಿದಂತೆ ನಿಲ್ಲುವುದು ಈ ಅಂಗಕ್ಕೆ ವಾಸನೆಯನ್ನು ಸಾಗಿಸುವಾಗ. ಜರ್ಮನಿಯ ಲೈಪ್‌ಜಿಗ್ ಮೃಗಾಲಯದಲ್ಲಿದ್ದ ಕಾರ್ಲ್ ಮ್ಯಾಕ್ಸ್ ಷ್ನೈಡರ್ 1930ರಲ್ಲಿ ಈ ಮುಖಭಾವವನ್ನು ವರ್ಣಿಸಿ ‘ಫ್ಲೇಮೆನ್’ ಎಂದು ಕರೆದರು. ಹೆಣ್ಣು ಕುದುರೆಯ ಬಳಿ ನಿಂತ ಗಂಡು ಕುದುರೆ ತುಟಿ ಮೇಲೆತ್ತಿ ಹಲ್ಲು ಕಿರಿಯುವುದು, ಹೋತ, ಕೋಣಗಳು ಮೂತಿ ಎತ್ತಿ ನಿಲ್ಲುವುದು ಎಲ್ಲವೂ ಇದೇ. ಬಂಡೀಪುರ, ನಾಗರಹೊಳೆಗಳ ಹುಲಿ ಇನ್ನೊಂದು ಹುಲಿಯ ಗುರುತು ಬಿದ್ದ ಮರವನ್ನು ಮೂಸಿ ನಾಲಿಗೆ ಚಾಚಿ ಮುಖ ಸಿಂಡರಿಸುವುದೂ ಇದೇ. ನೋಡುವವರಿಗೆ ಅದು ಅಸಹ್ಯಪಟ್ಟಂತೆ ಕಾಣುತ್ತದೆ. ನಿಜವಾಗಿ ಅದು ಗಮನವಿಟ್ಟು ಓದುವಾಗಿನ ಮುಖ.

ಮೈಯೆಲ್ಲ ಮೊಹರು

ಓದಬೇಕಾದರೆ ಯಾರಾದರೂ ಬರೆದಿರಬೇಕಲ್ಲ? ಬೆಕ್ಕಿನ ಕೆನ್ನೆ, ಗದ್ದ, ತುಟಿಯ ಅಂಚು, ಹಣೆಯ ಇಕ್ಕೆಲ, ಬಾಲದ ಬುಡ, ಪಾದದ ಮೆತ್ತೆಗಳ ನಡುವೆ ವಾಸನೆಯ ಗ್ರಂಥಿಗಳಿವೆ. ಮೇಜಿನ ಕಾಲಿಗೆ, ಬಾಗಿಲ ಚೌಕಟ್ಟಿಗೆ, ಶಾಲೆಯಿಂದ ಬಂದ ಮಗುವಿನ ಕಾಲಿಗೆ ಬೆಕ್ಕು ಕೆನ್ನೆ ಉಜ್ಜಿದಾಗ ಅಲ್ಲೊಂದು ಮೊಹರು ಬೀಳುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದೇ ಇಲ್ಲ. ಸೋಫಾವನ್ನೋ ತೆಂಗಿನ ಮರದ ಬುಡವನ್ನೋ ಪರಚಿದಾಗ ಉಗುರು ಹರಿತವಾಗುವುದರ ಜೊತೆಗೆ ಕಣ್ಣಿಗೆ ಕಾಣುವ ಗೀರು ಮತ್ತು ಮೂಗಿಗೆ ತಿಳಿಯುವ ಗುರುತು ಎರಡೂ ಉಳಿಯುತ್ತವೆ.

ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಜಾ 1990ರ ದಶಕದಲ್ಲಿ ಬೆಕ್ಕಿನ ಮುಖದ ಸ್ರಾವವನ್ನು ವಿಶ್ಲೇಷಿಸಿ ಅದರಲ್ಲಿ ಐದು ಬಗೆಯ ಮಿಶ್ರಣಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದನ್ನು ಬೆಕ್ಕು ತನಗೆ ಪರಿಚಿತವಾದ ವಸ್ತುಗಳಿಗೆ ಹಚ್ಚುತ್ತದೆ. ಇನ್ನೊಂದನ್ನು ತನ್ನ ಒಡನಾಡಿಗಳಿಗೆ ಸವರುತ್ತದೆ. ಒಂದೇ ಮನೆಯಲ್ಲಿ ಅನ್ಯೋನ್ಯವಾಗಿರುವ ಎರಡು ಬೆಕ್ಕುಗಳು ಒಂದನ್ನೊಂದು ನೆಕ್ಕಿಕೊಂಡು, ತಲೆಗೆ ತಲೆ ತಿಕ್ಕಿಕೊಂಡು, ಒಂದೇ ಚಾಪೆಯ ಮೇಲೆ ಮಲಗುವುದರಿಂದ ಅವುಗಳ ನಡುವೆ ಒಂದು ‘ಮನೆವಾಸನೆ’ ಹುಟ್ಟುತ್ತದೆ. ಆ ವಾಸನೆ ಇರುವವರು ನಮ್ಮವರು, ಇಲ್ಲದವರು ಹೊರಗಿನವರು. ಬೆಕ್ಕಿನ ಲೋಕದ ಪಡಿತರ ಚೀಟಿ ಇದು!

ಪ್ರಾಣಿಗಳ ಇಂಥ ಗುರುತುಗಳು ನಮಗೆ ತೀರ ಹೊಸತೇನಲ್ಲ. ಕಸ್ತೂರಿ ಮೃಗದ ಕಸ್ತೂರಿ, ಪುನುಗಿನ ಬೆಕ್ಕಿನ ಪುನುಗು ಎರಡೂ ಮೂಲತಃ ಆ ಪ್ರಾಣಿಗಳು ತಮ್ಮವರಿಗೆ ಸುದ್ದಿ ತಿಳಿಸಲು ಬಳಸುವ ಸ್ರಾವಗಳೇ. (ಹೆಸರಿನಲ್ಲಿ ಬೆಕ್ಕಿದ್ದರೂ ಪುನುಗಿನ ಬೆಕ್ಕು ಬೆಕ್ಕಿನ ಕುಟುಂಬಕ್ಕೆ ಸೇರಿದ್ದಲ್ಲ.) ಇಂಥ ರಾಸಾಯನಿಕಗಳಿಗೆ ‘ಫೆರೊಮೋನ್’ ಎಂಬ ಹೆಸರಿಟ್ಟದ್ದು 1959ರಲ್ಲಿ. ಅದೇ ವರ್ಷ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಸಂಗಡಿಗರು ಮೊಟ್ಟಮೊದಲ ಫೆರೊಮೋನಿನ ರಚನೆಯನ್ನು ಪ್ರಕಟಿಸಿದರು. ಅದನ್ನು ಬೇರ್ಪಡಿಸಲು ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳು ಬೇಕಾದವು. ಚಿಟ್ಟೆ ಯಾವುದು ಗೊತ್ತೆ? ನಮ್ಮ ರಾಮನಗರದ ಮಾರುಕಟ್ಟೆಗೆ ಗೂಡು ಒದಗಿಸುವ ರೇಷ್ಮೆಹುಳುವಿನದೇ.

ಸಹಿ ಹಾಕಿದ ಗೋಡೆ

ಕೆನ್ನೆಯ ಮೊಹರು ಮನೆಯೊಳಗಿನ ಮಾತಾದರೆ, ದೂರದವರಿಗೆ ಬೆಕ್ಕು ಬರೆಯುವ ಪತ್ರವೇ ಬೇರೆ. ಅದು ಮೂತ್ರ. ಗಂಡು ಬೆಕ್ಕು ಗೋಡೆಗೆ ಬೆನ್ನು ತಿರುಗಿಸಿ, ಬಾಲವನ್ನು ನೆಟ್ಟಗೆ ನಿಲ್ಲಿಸಿ ಅದುರಿಸುತ್ತ ಹಿಂದಕ್ಕೆ ಚಿಮುಕಿಸುವುದನ್ನು ಹಿತ್ತಲಿರುವ ಮನೆಯವರೆಲ್ಲ ನೋಡಿಯೇ ಇರುತ್ತಾರೆ. ಅದು ಮಾಮೂಲಿ ಮೂತ್ರವಿಸರ್ಜನೆಯಲ್ಲ. ಇನ್ನೊಂದು ಬೆಕ್ಕಿನ ಮೂಗಿನ ಎತ್ತರಕ್ಕೆ ಸರಿಯಾಗಿ ಹಾಕಿದ ಸಹಿ.

ಆ ಘಾಟು ವಾಸನೆಯ ಗುಟ್ಟನ್ನು ರಸಾಯನ ವಿಜ್ಞಾನಿಗಳು ಬಿಡಿಸಿದ್ದಾರೆ. ಬೆಕ್ಕಿನ ಮೂತ್ರದಲ್ಲಿ ‘ಫೆಲಿನೀನ್’ ಎಂಬ, ಗಂಧಕವಿರುವ ಅಮೈನೊ ಆಮ್ಲವಿದೆ ಎಂಬುದು 1950ರ ದಶಕದಲ್ಲೇ ತಿಳಿದಿತ್ತು. ಜಪಾನಿನ ಮಸಾವೊ ಮಿಯಾಜಾಕಿ ಮತ್ತು ಸಂಗಡಿಗರು ಬೆಕ್ಕಿನ ಮೂತ್ರದಲ್ಲಿ ಹೇರಳವಾಗಿರುವ ‘ಕಾಕ್ಸಿನ್’ ಎಂಬ ಪ್ರೋಟೀನನ್ನು ಗುರುತಿಸಿ, ಫೆಲಿನೀನ್ ತಯಾರಾಗಲು ಅದೇ ಕಾರಣವೆಂದು 2006ರಲ್ಲಿ ತೋರಿಸಿದರು. ಪ್ರಾಯಕ್ಕೆ ಬಂದ ಗಂಡಿನಲ್ಲಿ ಇದು ಹೆಚ್ಚು. ಹೆಣ್ಣಿನಲ್ಲೂ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡಿನಲ್ಲೂ ಬಹಳ ಕಡಿಮೆ.

ಸ್ವಾರಸ್ಯ ಇರುವುದು ಇನ್ನೊಂದರಲ್ಲಿ. ಫೆಲಿನೀನ್‌ಗೆ ತನ್ನದೇ ಆದ ವಾಸನೆ ಇಲ್ಲ. ಗೋಡೆಯ ಮೇಲೆ ಬಿದ್ದ ನಂತರ ಅದು ನಿಧಾನವಾಗಿ ಒಡೆದು ಘಾಟು ಬೀರುವ ಗಂಧಕದ ಸಂಯುಕ್ತಗಳನ್ನು ಬಿಡುಗಡೆ ಮಾಡುತ್ತದೆ. ಅಂದರೆ ವಾಸನೆ ಗಂಟೆಗಂಟೆಗೂ ಬದಲಾಗುತ್ತದೆ. ಹೀಗಾಗಿ ಆ ಸಹಿಯಲ್ಲಿ ಹೆಸರಷ್ಟೇ ಅಲ್ಲ, ತಾರೀಖೂ ಇರುತ್ತದೆ.

ಬೆಕ್ಕಿನ ದೊಡ್ಡಣ್ಣನಾದ ಹುಲಿಯ ಬಗ್ಗೆ ಇಂಥದೇ ಕೆಲಸವನ್ನು ನಮ್ಮ ದೇಶದಲ್ಲೇ ಮಾಡಿದವರು ಕೋಲ್ಕತ್ತದ ರತನ್‌ಲಾಲ್ ಬ್ರಹ್ಮಚಾರಿ. ಅವರು ದಶಕಗಳ ಕಾಲ ಹುಲಿಯ ವಾಸನೆಯ ಬೆನ್ನು ಹತ್ತಿದರು. ಒಡಿಶಾದ ಸಿಮ್ಲಿಪಾಲ್‌ನಲ್ಲಿ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ಅವರು ಮನೆಮಗಳಂತೆ ಸಾಕಿದ್ದ ‘ಖೈರಿ’ ಎಂಬ ಹೆಣ್ಣು ಹುಲಿಯನ್ನೂ ಹತ್ತಿರದಿಂದ ಅಧ್ಯಯನ ಮಾಡಿದರು. ಹುಲಿ ಮರಗಳಿಗೆ ಚಿಮುಕಿಸುವ ದ್ರವದಲ್ಲಿ ಬಾಸ್ಮತಿ ಅಕ್ಕಿಗೆ ಪರಿಮಳ ಕೊಡುವ ರಾಸಾಯನಿಕವೇ ಇದೆ ಎಂದು 1990ರಲ್ಲಿ ಅವರು ಪ್ರಕಟಿಸಿದಾಗ ಅನೇಕರು ಹುಬ್ಬೇರಿಸಿದರು. ಕಾಡಿನಲ್ಲಿ ಘಮ್ಮೆಂದು ಅನ್ನದ ಪರಿಮಳ ಬಂದರೆ ಅಲ್ಲಿ ಅಡುಗೆಯವರೇ ಇರಬೇಕೆಂದಿಲ್ಲ!

ರೈಲಿನ ಸಿಗ್ನಲ್‌ನಂತೆ

ಹಾಗಾದರೆ ಗುರುತು ಪರಿಚಯವಿಲ್ಲದ ಬೆಕ್ಕಿನ ವಾಸನೆ ಸಿಕ್ಕಾಗ ಬೆಕ್ಕು ಏನು ಮಾಡುತ್ತದೆ? ಹೆದರಿ ಓಡುತ್ತದೆ ಅಥವಾ ಕೆರಳಿ ಕಾದಾಟಕ್ಕೆ ಇಳಿಯುತ್ತದೆ ಎಂದು ಅನೇಕರ ಊಹೆ. ಗಮನಿಸಿ ನೋಡಿದವರು ಕಂಡದ್ದು ಬೇರೆಯೇ. ಸಾಮಾನ್ಯವಾಗಿ ಅದು ಮೊದಲು ಮಾಡುವ ಕೆಲಸ ಹೆಚ್ಚು ಹೊತ್ತು ಮೂಸುವುದು.

ಆಕ್ಸ್‌ಫರ್ಡ್‌ನ ಡೇವಿಡ್ ಮ್ಯಾಕ್‌ಡೊನಾಲ್ಡ್ ಮತ್ತು ವಾರ್ನರ್ ಪಸಾನಿಸಿ ತೋಟದ ಮನೆಯೊಂದರಲ್ಲಿ ಗುಂಪಾಗಿ ಬಾಳುತ್ತಿದ್ದ ಬೆಕ್ಕುಗಳ ಮುಂದೆ ಬೇರೆ ಬೇರೆ ಬೆಕ್ಕುಗಳ ಮೂತ್ರವನ್ನಿಟ್ಟು ನೋಡಿದರು. ಅವರ ವರದಿ 1990ರಲ್ಲಿ ಪ್ರಕಟವಾಯಿತು. ತಮ್ಮ ಗುಂಪಿನವರ ವಾಸನೆಗಿಂತ ಹೊರಗಿನವರ ವಾಸನೆಯನ್ನು ಆ ಬೆಕ್ಕುಗಳು ಹೆಚ್ಚು ಹೊತ್ತು ಮೂಸಿದವು. ಹಳೆಯ ಗುರುತಿಗಿಂತ ಹೊಸ ಗುರುತಿನ ಮುಂದೆ ಬೆಕ್ಕು ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಅದಕ್ಕೂ ಮೊದಲೇ, 1970ರ ದಶಕದಲ್ಲಿ, ನೆದರ್‌ಲ್ಯಾಂಡ್ಸ್‌ನ ಪ್ರಯೋಗಗಳಲ್ಲಿ ಕಂಡುಬಂದಿತ್ತು. ಬೆಕ್ಕಿನ ಈ ಸ್ವಭಾವ ಮನುಷ್ಯರ ವಾಸನೆಗೂ ಅನ್ವಯಿಸುತ್ತದೆ. ಟೋಕಿಯೊ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 30 ಬೆಕ್ಕುಗಳಿಗೆ ಮಾಲೀಕರ ಮತ್ತು ಅಪರಿಚಿತರ ವಾಸನೆಯನ್ನು ಕೊಟ್ಟು ನೋಡಿ 2025ರಲ್ಲಿ ವರದಿ ಮಾಡಿದರು. ಅಲ್ಲಿಯೂ ಬೆಕ್ಕುಗಳು ಅಪರಿಚಿತರದನ್ನೇ ಹೆಚ್ಚು ಹೊತ್ತು ಮೂಸಿದವು.

ಜರ್ಮನಿಯ ಪಾಲ್ ಲೈಹೌಸನ್ ಬೆಕ್ಕುಗಳ ನಡವಳಿಕೆಯನ್ನು ಬಹುಕಾಲ ಅಭ್ಯಾಸ ಮಾಡಿದವರು. ಒಂದೇ ದಾರಿಯನ್ನು ಹಲವು ಬೆಕ್ಕುಗಳು ಬಳಸಿದರೂ ಮುಖಾಮುಖಿಯಾಗದಂತೆ ಹೊತ್ತು ಹಂಚಿಕೊಂಡು ಓಡಾಡುವುದನ್ನು ಅವರು ಗಮನಿಸಿದರು. ದಾರಿಯ ಗುರುತುಗಳು ರೈಲಿನ ಸಿಗ್ನಲ್‌ನಂತೆ ಕೆಲಸ ಮಾಡುತ್ತಿರಬಹುದೆಂಬುದು ಅವರ ವಿವರಣೆ. ವಾಸನೆ ತೀರ ಹೊಸತಾಗಿದ್ದರೆ ಮುಂದೆ ಯಾರೋ ಇದ್ದಾರೆ, ನಿಲ್ಲಬೇಕು. ಸ್ವಲ್ಪ ಹಳತಾದರೆ ಎಚ್ಚರಿಕೆಯಿಂದ ಸಾಗಬಹುದು. ಪೂರ್ತಿ ಹಳತಾಗಿದ್ದರೆ ದಾರಿ ತೆರವಾಗಿದೆ. ಗುರುತು ಹಾಕುವುದರ ಉದ್ದೇಶ ಜಗಳಕ್ಕೆ ಕರೆಯುವುದಕ್ಕಿಂತ ಹೆಚ್ಚಾಗಿ ಜಗಳವನ್ನು ತಪ್ಪಿಸುವುದು.

ಇದಕ್ಕೆ ಕಾರಣ ಬೆಕ್ಕಿನ ವಂಶದಲ್ಲೇ ಇದೆ. ಸಾಕುಬೆಕ್ಕಿನ ಮೂಲ ಆಫ್ರಿಕದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂಳಲಾದ ಬೆಕ್ಕಿನ ಅಸ್ಥಿ ಸಿಕ್ಕಿರುವುದರಿಂದ ನಮ್ಮಿಬ್ಬರ ಸ್ನೇಹ ಹಳೆಯದೇ. ಆದರೂ ಒಂಟಿ ಬೇಟೆಗಾರನ ಎಚ್ಚರ ಬೆಕ್ಕಿನಲ್ಲಿ ಇನ್ನೂ ಉಳಿದಿದೆ. ಗುಂಪಿನಲ್ಲಿ ಬೇಟೆಯಾಡುವ ಪ್ರಾಣಿ ಗಾಯಗೊಂಡರೆ ಜೊತೆಯವರು ತಂದದ್ದರಲ್ಲಿ ಪಾಲು ಸಿಗಬಹುದು. ಒಂಟಿ ಪ್ರಾಣಿ ಗಾಯಗೊಂಡರೆ ಉಪವಾಸವೇ. ಆದ್ದರಿಂದ ಹೊಸಬರನ್ನು ದೂರದಿಂದಲೇ ತಿಳಿದುಕೊಂಡು, ಎದುರಾಗದಂತೆ ನಡೆಯುವುದು ಅದಕ್ಕೆ ಲೇಸು.

ಎಲ್ಲ ಬೆಕ್ಕುಗಳೂ ಒಂದೇ ರೀತಿ ವರ್ತಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಪ್ರಾಯದ ಗಂಡು ಹೊಸ ಗುರುತಿನ ಮೇಲೆ ತನ್ನದನ್ನೂ ಹಾಕಬಹುದು. ಮರಿ ಹಾಕಿದ ತಾಯಿ ಕೆರಳಬಹುದು. ಎಳೆಯ ವಯಸ್ಸಿನಲ್ಲಿ ಬೇರೆ ಬೆಕ್ಕುಗಳೊಡನೆ ಬೆಳೆದದ್ದು ಸುಮ್ಮನೆ ಮೂಸಿ ಹೋಗಬಹುದು. ಕಣ್ಣು ತೆರೆಯುವ ಮೊದಲೇ ಮರಿಗಳು ವಾಸನೆಯ ಜಾಡು ಹಿಡಿದು ತಾಯಿಯ ಮೊಲೆಯನ್ನೂ ಗೂಡನ್ನೂ ಹುಡುಕಿಕೊಳ್ಳುತ್ತವೆ. ಅವುಗಳ ಲೋಕ ಆರಂಭವಾಗುವುದೇ ಮೂಗಿನಿಂದ.

ಆಸ್ಪತ್ರೆಯಿಂದ ಬಂದ ‘ಶತ್ರು’

ಎರಡು ಬೆಕ್ಕುಗಳಿರುವ ಮನೆಗಳಲ್ಲಿ ನಡೆಯುವ ಒಂದು ಘಟನೆ ಮನೆಯವರನ್ನು ಕಂಗೆಡಿಸುತ್ತದೆ. ವರ್ಷಗಟ್ಟಲೆ ಒಟ್ಟಿಗೆ ಮಲಗಿ ಎದ್ದ ಎರಡರಲ್ಲಿ ಒಂದಕ್ಕೆ ಹುಷಾರಿಲ್ಲದೆ ಪಶುವೈದ್ಯರಲ್ಲಿಗೆ ಒಯ್ಯುತ್ತಾರೆ. ಒಂದು ದಿನ ಅಲ್ಲಿದ್ದು ಅದು ಮನೆಗೆ ಮರಳುತ್ತದೆ. ಮನೆಯಲ್ಲಿದ್ದ ಬೆಕ್ಕು ಓಡಿ ಬಂದು ಮೂಸುತ್ತದೆ, ರೋಮ ನಿಮಿರಿಸಿ ಬುಸುಗುಡುತ್ತದೆ, ಮೈಮೇಲೆ ಬೀಳುತ್ತದೆ. ಬಂದ ಬೆಕ್ಕಿಗೋ ಮೊದಲೇ ನೋವು, ಸುಸ್ತು. ಅದು ಮಂಚದಡಿ ಸೇರುತ್ತದೆ. ‘ಇಷ್ಟು ದಿನದ ಸ್ನೇಹ ಎಲ್ಲಿ ಹೋಯಿತು?’ ಎಂದು ಮಕ್ಕಳು ಅಳುತ್ತಾರೆ.

ಸ್ನೇಹ ಎಲ್ಲಿಗೂ ಹೋಗಿಲ್ಲ. ಹೋಗಿರುವುದು ಮನೆವಾಸನೆ. ಸ್ಪಿರಿಟ್, ಔಷಧಿ, ಇತರ ಪ್ರಾಣಿಗಳು, ಭಯದಿಂದ ಹೊಮ್ಮಿದ ಬೆವರು ಎಲ್ಲ ಸೇರಿ ಹಳೆಯ ಗುರುತನ್ನು ಮುಚ್ಚಿಬಿಟ್ಟಿವೆ. ಕಣ್ಣು ‘ಇದು ನಮ್ಮದೇ’ ಎಂದರೆ ಮೂಗು ‘ಅಲ್ಲ, ಹೊರಗಿನದು’ ಎನ್ನುತ್ತದೆ. ಬೆಕ್ಕು ಮೂಗನ್ನು ನಂಬುತ್ತದೆ. ಮಗನಂತೆಯೇ ಕಾಣುವ, ಆದರೆ ಅಪರಿಚಿತ ದನಿಯಲ್ಲಿ ಮಾತಾಡುವ ಒಬ್ಬ ಹುಡುಗ ಬಾಗಿಲಿಗೆ ಬಂದರೆ ಮನೆಯವರಿಗೂ ಹೀಗೆಯೇ ಆಗದೆ?

ಪಶುವೈದ್ಯರು ಇದಕ್ಕೆ ಸೂಚಿಸುವ ದಾರಿ ಸರಳವಾದದ್ದು. ಮರಳಿ ಬಂದ ಬೆಕ್ಕನ್ನು ನೇರವಾಗಿ ಇನ್ನೊಂದರ ಮುಂದೆ ಬಿಡಬಾರದು. ಬೇರೆ ಕೋಣೆಯಲ್ಲಿ ಅದರ ಹಳೆಯ ಹಾಸಿಗೆಯ ಮೇಲೆ ಕೆಲವು ಗಂಟೆ, ಬೇಕಾದರೆ ಒಂದು ದಿನ ಇರಿಸಬೇಕು. ಅದು ತನ್ನ ಮೈಯನ್ನು ತಾನೇ ನೆಕ್ಕಿಕೊಂಡಂತೆ ಹೊರಗಿನ ವಾಸನೆ ಕಡಿಮೆಯಾಗುತ್ತದೆ. ಆಸ್ಪತ್ರೆಗೆ ಒಯ್ಯುವ ಬುಟ್ಟಿಯಲ್ಲಿ ಮನೆಯ ವಾಸನೆಯ ಬಟ್ಟೆಯೊಂದನ್ನು ಹಾಸಿದರೆ ಇನ್ನೂ ಒಳ್ಳೆಯದು.

ಇಂಥ ಜಗಳವನ್ನು ‘ತಾನಾಗಿ ಸರಿಹೋಗುತ್ತದೆ’ ಎಂದು ಬಿಟ್ಟುಬಿಡುವುದು ಅಪಾಯ. ತನ್ನ ಮನೆಯಲ್ಲೇ ಸದಾ ಅಂಜುತ್ತ ಬಾಳುವ ಬೆಕ್ಕು ಊಟ ಬಿಡುತ್ತದೆ, ಅವಿತುಕೊಳ್ಳುತ್ತದೆ, ಕಂಡಲ್ಲಿ ಗಲೀಜು ಮಾಡುತ್ತದೆ. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರ ಕೆಲಸದಿಂದ, ಇಂಥ ಒತ್ತಡಕ್ಕೂ ಬೆಕ್ಕಿನ ಮೂತ್ರಕೋಶದ ಉರಿಯೂತಕ್ಕೂ ನಂಟಿದೆಯೆಂದು ತಿಳಿದುಬಂದಿದೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ತಡಮಾಡದೆ ಚಿಕಿತ್ಸೆ ಕೊಡಿಸಬೇಕು, ಇಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ಪ್ರಾಣಕ್ಕೇ ಕುತ್ತು. ಪದೇಪದೇ ಕುಕ್ಕರಗಾಲಲ್ಲಿ ಕೂತು ಮುಕ್ಕುವ ಬೆಕ್ಕನ್ನು ಕಂಡರೆ ಆ ಹೊತ್ತೇ ವೈದ್ಯರಲ್ಲಿಗೆ ಒಯ್ಯುವುದು ಸರಿ.

ಪರಿಚಯಕ್ಕೂ ಒಂದು ಕ್ರಮ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಸುಡುಸುಡು ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಮತ್ತೆ ಹಾಲನ್ನು ಕಂಡರೆ ಓಡುತ್ತಿತ್ತು. ಕಥೆ ತಮಾಷೆಯದಾದರೂ ಬೆಕ್ಕಿನ ಸ್ವಭಾವ ಅದರಲ್ಲಿ ಸರಿಯಾಗಿಯೇ ಬಂದಿದೆ. ಮೊದಲ ಭೇಟಿಯಲ್ಲಿ ಹೊಸ ಬೆಕ್ಕಿನ ವಾಸನೆಯ ಜೊತೆ ಭಯವೂ ನೋವೂ ಸೇರಿಕೊಂಡರೆ ಆ ನೆನಪು ಬಹುಕಾಲ ಉಳಿಯುತ್ತದೆ. ಅದೇ ವಾಸನೆಯ ಜೊತೆ ಮೀನಿನ ತುಣುಕು ಸೇರಿಕೊಂಡರೆ? ಎಲ್ಲ ಉಪಾಯವೂ ಇರುವುದು ಇಲ್ಲಿ.

ಹೊಸ ಬೆಕ್ಕನ್ನು ತರುವವರು ಮೊದಲು ಅದನ್ನು ಪಶುವೈದ್ಯರಿಗೆ ತೋರಿಸಿ ಲಸಿಕೆ ಹಾಕಿಸಬೇಕು. ಬೆಕ್ಕುಗಳನ್ನು ಕಾಡುವ ಪ್ಯಾನ್‌ಲ್ಯುಕೋಪೀನಿಯ ಎಂಬ ಮಾರಕ ಕರುಳುಬೇನೆಯ ವೈರಾಣು ಬಟ್ಟೆ, ನೆಲ, ಪಾತ್ರೆಗಳ ಮೇಲೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಆದ್ದರಿಂದ ಎರಡೂ ಬೆಕ್ಕುಗಳು ಆರೋಗ್ಯವಾಗಿವೆ ಎಂದು ಖಾತ್ರಿಯಾದ ಮೇಲೆಯೇ ಒಂದರ ಬಟ್ಟೆಯನ್ನು ಇನ್ನೊಂದರ ಬಳಿ ಇಡಬೇಕು. ಬೀದಿಯ ಬೆಕ್ಕನ್ನು ಒರೆಸಿದ ಬಟ್ಟೆಯನ್ನು ಮನೆಗೆ ತರುವುದಂತೂ ಬೇಡವೇ ಬೇಡ.

ಮೊದಲ ಹಂತದಲ್ಲಿ ಹೊಸ ಬೆಕ್ಕಿಗೆ ಬೇರೆಯೇ ಕೋಣೆ. ಅನ್ನದ ತಟ್ಟೆ, ನೀರು, ಮರಳಿನ ತಟ್ಟೆ, ಅವಿತುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಎಲ್ಲವೂ ಅಲ್ಲೇ. ಬಾಗಿಲು ಮುಚ್ಚಿರಲಿ. ಬಾಗಿಲ ಸಂದಿನಿಂದ ಬರುವ ವಾಸನೆಯೇ ಮೊದಲ ಪರಿಚಯ.

ಎರಡನೆಯ ಹಂತದಲ್ಲಿ ವಾಸನೆಯ ವಿನಿಮಯ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒಂದು ಬೆಕ್ಕಿನ ಕೆನ್ನೆ, ಗದ್ದವನ್ನು ನಯವಾಗಿ ಸವರಿ ಆ ಬಟ್ಟೆಯನ್ನು ಇನ್ನೊಂದು ಬೆಕ್ಕು ಓಡಾಡುವ ಜಾಗದಲ್ಲಿಡುವುದು. ಮೂಗಿನ ಮುಂದೆ ಹಿಡಿಯಬಾರದು. ಅದೇ ಬಂದು ಮೂಸಲಿ. ಬುಸ್ಸೆಂದರೆ ಗದರಬಾರದು. ಬಟ್ಟೆಯನ್ನು ಇನ್ನಷ್ಟು ದೂರ ಇಟ್ಟರಾಯಿತು. ಮೂಸಿ ಸುಮ್ಮನೆ ಹೋದರೆ ಪ್ರೀತಿಯ ತಿಂಡಿಯೊಂದನ್ನು ಕೊಡುವುದು. ದಿನಗಳೆದಂತೆ ಬಟ್ಟೆಯನ್ನು ಊಟದ ತಟ್ಟೆಯ ಸಮೀಪಕ್ಕೆ ತರಬಹುದು. ಹಾಸಿಗೆಗಳನ್ನು ಅದಲು ಬದಲು ಮಾಡಬಹುದು. ಆಮೇಲೆ, ಒಂದನ್ನೊಂದು ನೋಡದಂತೆ, ಅವುಗಳ ಕೋಣೆಗಳನ್ನೇ ಸ್ವಲ್ಪ ಹೊತ್ತು ಬದಲಿಸಬಹುದು.

ಇನ್ನೊಂದರ ಬಟ್ಟೆಯ ಮೇಲೆ ಬೆಕ್ಕು ತಾನಾಗಿ ಕೆನ್ನೆ ಉಜ್ಜಿದರೆ ಅಥವಾ ಅದರ ಪಕ್ಕದಲ್ಲಿ ನಿಶ್ಚಿಂತೆಯಿಂದ ಉಂಡರೆ ಅದೊಂದು ಶುಭಸೂಚನೆ. ಆಗ ಮೂರನೆಯ ಹಂತ. ಜಾಲರಿ ಬಾಗಿಲಿನ ಅಥವಾ ಸ್ವಲ್ಪವೇ ತೆರೆದ ಬಾಗಿಲಿನ ಆಚೀಚೆ ಒಂದನ್ನೊಂದು ನೋಡಲು ಬಿಡುವುದು, ಕೊನೆಗೆ ಕೆಲವೇ ನಿಮಿಷಗಳ ಮುಖಾಮುಖಿ. ಇದಕ್ಕೆ ಕೆಲವು ಮನೆಗಳಲ್ಲಿ ವಾರ ಸಾಕು, ಕೆಲವು ಕಡೆ ತಿಂಗಳುಗಳೇ ಬೇಕು. ಅವಸರ ಮಾಡಿದಷ್ಟೂ ತಡ. ಎರಡೂ ಒಗ್ಗಿಕೊಂಡ ಮೇಲೆಯೂ ಬೆಕ್ಕುಗಳ ಸಂಖ್ಯೆಗಿಂತ ಒಂದು ಮರಳಿನ ತಟ್ಟೆ ಹೆಚ್ಚಿಗೆ ಇರಿಸಬೇಕೆಂಬುದು ತಜ್ಞರ ಸಲಹೆ.

ಫಿನಾಯಿಲ್ ಪರಿಹಾರವಲ್ಲ

ಮನೆಯಲ್ಲಿ ಒಂದೇ ಬೆಕ್ಕಿದ್ದರೂ ಅಪರಿಚಿತ ವಾಸನೆಯ ತೊಂದರೆ ತಪ್ಪುವುದಿಲ್ಲ. ಬೀದಿಯ ಗಂಡೊಂದು ಹೊಸಿಲಿಗೋ ಮೆಟ್ಟಿಲಿಗೋ ಚಿಮುಕಿಸಿ ಹೋದರೆ ಒಳಗಿನ ಬೆಕ್ಕು ಚಡಪಡಿಸುತ್ತದೆ. ಅದುವರೆಗೆ ಅಚ್ಚುಕಟ್ಟಾಗಿದ್ದುದು ಪರದೆಗೋ ಬೀರುವಿಗೋ ತಾನೂ ಚಿಮುಕಿಸತೊಡಗುತ್ತದೆ. ಇದು ಹಟವೂ ಅಲ್ಲ, ಸೇಡೂ ಅಲ್ಲ. ಪರರ ಗುರುತು ಕಂಡ ಕಡೆ ತನ್ನ ಗುರುತನ್ನು ನವೀಕರಿಸುವ ಯತ್ನ. ಹೊಡೆದರೆ ಭಯ ಹೆಚ್ಚುತ್ತದೆ, ಭಯ ಹೆಚ್ಚಿದಂತೆ ಗುರುತು ಹಾಕುವುದೂ ಹೆಚ್ಚುತ್ತದೆ.

ಇಂಥ ಜಾಗವನ್ನು ತೊಳೆಯಲು ನಮ್ಮ ಮನೆಗಳಲ್ಲಿ ಮೊದಲು ಕೈಗೆ ಸಿಗುವುದು ಫಿನಾಯಿಲ್ ಬಾಟಲಿ. ಇಲ್ಲೇ ಎಡವುವುದು. ಫೀನಾಲ್ ಇರುವ ದ್ರಾವಣಗಳನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ತೊಳೆದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಅದಕ್ಕೆ ವಿಷವಾಗಬಹುದು. ಅಮೋನಿಯ ಇರುವ ದ್ರಾವಣಗಳೂ ಬೇಡ. ಅವುಗಳ ವಾಸನೆ ಮೂತ್ರವನ್ನೇ ನೆನಪಿಸುತ್ತದೆ. ಕಿಣ್ವಗಳಿರುವ ಶುಚಿಕಾರಕ, ಅದು ಸಿಗದಿದ್ದರೆ ಬಟ್ಟೆ ಒಗೆಯುವ ಪುಡಿಯ ನೀರಿನಿಂದ ತೊಳೆದು, ಚೆನ್ನಾಗಿ ಜಾಲಾಡಿ ಒಣಗಿಸುವುದು ಒಳ್ಳೆಯದು.

ಬೇರುಮಟ್ಟದ ಪರಿಹಾರವೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರ ಅಧ್ಯಯನಗಳ ಪ್ರಕಾರ ಎಳೆಯ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ನೂರಕ್ಕೆ ಹತ್ತರಷ್ಟು, ಹೆಣ್ಣುಗಳಲ್ಲಿ ಐದರಷ್ಟು ಮಾತ್ರ ಮುಂದೆ ಹೀಗೆ ಚಿಮುಕಿಸುವ ಅಭ್ಯಾಸ ಬೆಳೆಸಿಕೊಂಡವು. ಬೆಕ್ಕಿನ ಮುಖದ ಸ್ರಾವವನ್ನು ಹೋಲುವ ಕೃತಕ ಫೆರೊಮೋನ್ ಸಹ ಪೇಟೆಗೆ ಬಂದಿದೆ. ಆದರೆ ಅದರ ಪರಿಣಾಮ ಎಲ್ಲ ಬೆಕ್ಕುಗಳಲ್ಲೂ ಒಂದೇ ತೆರನಾಗಿ ಕಂಡಿಲ್ಲ. ಬೆಕ್ಕು ಕೆನ್ನೆ ಉಜ್ಜಿದ ಮೇಜಿನ ಮೂಲೆಯನ್ನು ದಿನವೂ ತಿಕ್ಕಿ ತೊಳೆಯದೆ ಬಿಡುವುದು, ಅದರ ಹಾಸಿಗೆಗಳನ್ನೆಲ್ಲ ಒಂದೇ ದಿನ ಒಗೆಯದೆ ಸರದಿಯಲ್ಲಿ ಒಗೆಯುವುದು ಖರ್ಚಿಲ್ಲದ ಉಪಾಯಗಳು. ಬೆಕ್ಕಿನ ಘ್ರಾಣಶಕ್ತಿಯನ್ನು ಗೌರವಿಸುವ ವಾತಾವರಣ ಮನೆಯಲ್ಲಿರಬೇಕು ಎಂಬುದು ಅಂತರರಾಷ್ಟ್ರೀಯ ಪಶುವೈದ್ಯ ಸಂಸ್ಥೆಗಳು 2013ರಲ್ಲಿ ಹೊರತಂದ ಮಾರ್ಗಸೂಚಿಯ ಐದು ಆಧಾರಸ್ತಂಭಗಳಲ್ಲಿ ಒಂದು.

ಮಕ್ಕಳಿಗೊಂದು ಕೆಲಸ

ಬೆಕ್ಕಿನ ಮೂಗಿನ ಕೆಲಸವನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಗಡಿಯಾರ ಸಾಕು. ಒಂದೇ ಬಗೆಯ ಮೂರು ಶುಭ್ರ ಬಟ್ಟೆಯ ತುಂಡುಗಳಲ್ಲಿ ಒಂದನ್ನು ಹಾಗೆಯೇ ಇಡಿ. ಇನ್ನೊಂದನ್ನು ಮನೆಯ ಬೆಕ್ಕಿನ ಕೆನ್ನೆಗೇ ಸವರಿ. ಮೂರನೆಯದನ್ನು, ಲಸಿಕೆ ಹಾಕಿಸಿಕೊಂಡು ಆರೋಗ್ಯವಾಗಿರುವ ಗೆಳೆಯರ ಮನೆಯ ಬೆಕ್ಕಿನ ಕೆನ್ನೆಗೆ ಅವರಿಂದಲೇ ಸವರಿಸಿ ತನ್ನಿ. ಮೂರನ್ನೂ ಅಂತರ ಬಿಟ್ಟು ನೆಲದ ಮೇಲಿಟ್ಟು ದೂರ ಕುಳಿತು, ಯಾವುದನ್ನು ಎಷ್ಟು ಸೆಕೆಂಡು ಮೂಸಿತು, ಬಾಯಿ ತೆರೆಯಿತೇ, ಕೆನ್ನೆ ಉಜ್ಜಿತೇ, ಹಿಂದೆ ಸರಿಯಿತೇ ಎಂದು ಬರೆದುಕೊಳ್ಳಿ. ಮರುದಿನ ಬಟ್ಟೆಗಳ ಜಾಗ ಬದಲಿಸಿ ಮತ್ತೆ ನೋಡಿ. ಒಂದೇ ವಾಸನೆ ನಾಲ್ಕಾರು ಸಲ ಸಿಕ್ಕ ಮೇಲೆ ಬೆಕ್ಕಿನ ಆಸಕ್ತಿ ಕುಗ್ಗುವುದನ್ನೂ ಕಾಣಬಹುದು. ಪ್ರಾಣಿಗಳು ಎರಡು ವಾಸನೆಗಳ ನಡುವೆ ವ್ಯತ್ಯಾಸ ಹಿಡಿಯಬಲ್ಲ ರೀತಿಯನ್ನು ಪರೀಕ್ಷಿಸಲು ವಿಜ್ಞಾನಿಗಳು ಬಳಸುವುದೂ ಈ ‘ಬೇಸರ’ವನ್ನೇ. ಹಳೆಯದರಿಂದ ಬೇಸತ್ತ ಮೂಗು ಹೊಸತನ್ನು ಕಂಡೊಡನೆ ಮತ್ತೆ ಚುರುಕಾದರೆ ಅದಕ್ಕೆ ವ್ಯತ್ಯಾಸ ತಿಳಿಯಿತೆಂದೇ ಅರ್ಥ.

ಹಿರಿಯರೊಬ್ಬರು ಜೊತೆಗಿರಲಿ. ಬೆಕ್ಕು ಕಿವಿಯನ್ನು ಹಿಂದಕ್ಕೆ ಮಡಿಸಿ, ಬಾಲ ದಪ್ಪಗೆ ಮಾಡಿಕೊಂಡರೆ ಆಟ ಅಲ್ಲಿಗೆ ನಿಲ್ಲಿಸಬೇಕು. ಕೊನೆಗೆ ಬಟ್ಟೆಗಳನ್ನು ಒಗೆದು, ಕೈ ತೊಳೆದುಕೊಳ್ಳುವುದನ್ನು ಮರೆಯಬಾರದು.

ಇಷ್ಟು ಮಾಡಿದ ಮಗುವಿಗೆ ಬೆಕ್ಕಿನ ಬುಸುಗುಟ್ಟುವಿಕೆ ಇನ್ನು ಮುಂದೆ ಸಿಟ್ಟಾಗಿ ಮಾತ್ರ ಕೇಳಿಸುವುದಿಲ್ಲ. ‘ನೀನು ಯಾರೆಂದು ನನಗಿನ್ನೂ ಗೊತ್ತಾಗಿಲ್ಲ, ಸ್ವಲ್ಪ ತಾಳು’ ಎಂಬ ಮಾತೂ ಅದರಲ್ಲಿ ಕೇಳಿಸೀತು. ಆ ಸ್ವಲ್ಪ ಕಾಲವನ್ನು ಕೊಡುವ ತಾಳ್ಮೆ ಮನೆಯವರಿಗಿದ್ದರೆ ಗೋಣಿಚೀಲಕ್ಕೆ ಕೆಲಸವಿರುವುದಿಲ್ಲ.